ಪುಟ್ಟ ಸೆನ್ಸರ್‌ಗಳ ಮೇಲಿನ ದಾಳಿ ಹಿಡಿಯಲು ಮಷೀನ್ ಲರ್ನಿಂಗ್: ಮಾಡಿ ನೋಡಿದವರು ಹೇಳಿ

ಪ್ರಶ್ನೆ

ಒಂದು ಕಟ್ಟಡದಲ್ಲಿ ಸುಮಾರು 50 ಸಾಧನಗಳಿವೆ. ಕೆಲವು ವೈಫೈ ಕ್ಯಾಮೆರಾ, ಸ್ಮಾರ್ಟ್ ಪ್ಲಗ್. ಉಳಿದವು ಬ್ಯಾಟರಿಯಲ್ಲಿ ನಡೆಯುವ ತಾಪಮಾನ ಮತ್ತು ಬಾಗಿಲಿನ ಸೆನ್ಸರ್‌ಗಳು. ಇವುಗಳ ಮೇಲೆ ಸೈಬರ್ ದಾಳಿ ನಡೆದರೆ ಗೊತ್ತಾಗಬೇಕು. ಸಾರ್ವಜನಿಕ ಡೇಟಾಸೆಟ್ ಒಂದನ್ನು ತಗೊಂಡು ನ್ಯೂರಲ್ ನೆಟ್‌ವರ್ಕ್ ಟ್ರೇನ್ ಮಾಡಿದೆ, 99.9% ಅಕ್ಯುರಸಿ ಬಂತು. ಇದನ್ನು ಸೆನ್ಸರ್ ಒಳಗೇ ಕೂರಿಸುವುದು ಹೇಗೆ?

ನೆಟ್‌ವರ್ಕ್ ನೋಡಿಕೊಳ್ಳುವವರೊಬ್ಬರು

ಆ 99.9 ಅನ್ನು ಮೊದಲು ಪಕ್ಕಕ್ಕಿಡಿ. ಯಾವ ಡೇಟಾಸೆಟ್ ಅಂತ ನೀವು ಬರೆದಿಲ್ಲ. ಬಾಟ್-ಐಒಟಿ ಆಗಿದ್ದರೆ ಅದರಲ್ಲಿ 7 ಕೋಟಿಗೂ ಮೀರಿ ದಾಖಲೆಗಳಿವೆ. ಮಾಮೂಲಿ ಟ್ರಾಫಿಕ್‌ನವು 10 ಸಾವಿರವೂ ಇಲ್ಲ. ಬಂದದ್ದನ್ನೆಲ್ಲ 'ದಾಳಿ' ಅಂತ ಹೇಳುವ ಒಂದು ಸಾಲಿನ ಪ್ರೋಗ್ರಾಮ್ ಕೂಡ ಅಲ್ಲಿ 99.9 ದಾಟುತ್ತದೆ. ಕೆಡಿಡಿ 99 ಆಗಿದ್ದರೆ ಅದರ ಮೂಲ 1998ರ ಟ್ರಾಫಿಕ್. ಆಗ ಸ್ಮಾರ್ಟ್ ಪ್ಲಗ್ ಎಲ್ಲಿತ್ತು?

ಫೀಚರ್‌ಗಳ, ಅಂದರೆ ಮಾಡೆಲ್‌ಗೆ ಕೊಡುವ ಅಳತೆಗಳ, ಪಟ್ಟಿಯನ್ನೂ ನೋಡಿ. ಐಪಿ ವಿಳಾಸ, ಸಮಯ ಅದರಲ್ಲಿ ಉಳಿದಿದ್ದರೆ ಮಾಡೆಲ್ ಕಲಿತದ್ದು ದಾಳಿಯನ್ನಲ್ಲ, ಆ ಲ್ಯಾಬ್‌ನಲ್ಲಿ ದಾಳಿಗೆ ಬಳಸಿದ ಕಂಪ್ಯೂಟರಿನ ವಿಳಾಸವನ್ನು. ಡೇಟಾವನ್ನು ಕಲಸಿ ಟ್ರೇನಿಂಗ್‌ಗೆ 80, ಟೆಸ್ಟ್‌ಗೆ 20 ಅಂತ ಭಾಗ ಮಾಡಿದ್ದೀರಾ? ಹಾಗಾದರೆ ಒಂದೇ ದಾಳಿಯ ಅಕ್ಕಪಕ್ಕದ ಪ್ಯಾಕೆಟ್‌ಗಳು ಎರಡೂ ಕಡೆ ಸೇರಿರುತ್ತವೆ. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕ ಹಾಗೆ. ಹಿಂದಿನ ದಿನಗಳ ಡೇಟಾದಲ್ಲಿ ಟ್ರೇನ್ ಮಾಡಿ, ನಂತರದ ದಿನಗಳದ್ದರಲ್ಲಿ ಟೆಸ್ಟ್ ಮಾಡಿ. ಒಂದೆರಡು ಸಾಧನಗಳನ್ನು ಟ್ರೇನಿಂಗ್‌ನಿಂದ ಪೂರ್ತಿ ಹೊರಗಿಟ್ಟೂ ನೋಡಿ. ಅಂಕಿ ಖಂಡಿತ ಇಳಿಯುತ್ತದೆ. ನಂಬಬೇಕಾದ್ದು ಆ ಇಳಿದ ಅಂಕಿಯನ್ನೇ.

ನಾನಂತೂ ಅಕ್ಯುರಸಿ ನೋಡುವುದೇ ಇಲ್ಲ, ದಿನಕ್ಕೆ ಎಷ್ಟು ಸುಳ್ಳು ಅಲಾರ್ಮ್ ಅಂತ ಕೇಳುತ್ತೇನೆ. 50 ಸಾಧನ, ಪ್ರತಿಯೊಂದಕ್ಕೂ ನಿಮಿಷಕ್ಕೊಂದು ತೀರ್ಪು ಅಂದರೆ ದಿನಕ್ಕೆ 72,000 ತೀರ್ಪು. ಸಾವಿರಕ್ಕೆ ಒಂದು ತಪ್ಪಾದರೂ 72 ಸುಳ್ಳು ಅಲಾರ್ಮ್. ಯಾರು ಕೂತು ನೋಡುತ್ತಾರೆ? ಬೇಗನೆ ಮ್ಯೂಟ್ ಮಾಡುತ್ತಾರೆ, ಅಷ್ಟೇ. ಅದಕ್ಕೇ ಒಂದೇ ತೀರ್ಪಿಗೆ ಅಲಾರ್ಮ್ ಹೊಡೆಸಬೇಡಿ. ಕೆಲವು ನಿಮಿಷ ಬಿಡದೆ ಎಡವಟ್ಟು ಕಂಡರೆ ಮಾತ್ರ ಹೊಡೆಯಲಿ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಮಾಡೆಲ್ ಸೆನ್ಸರ್ ಒಳಗೆ ಬೇಡ, ಗೇಟ್‌ವೇಯಲ್ಲಿ (ಎಲ್ಲ ಸಾಧನಗಳ ಟ್ರಾಫಿಕ್ ಹಾದು ಹೊರಹೋಗುವ ಪೆಟ್ಟಿಗೆ) ಇಡಿ. ದಾಳಿಕೋರ ಸಾಧನವನ್ನು ವಶ ಮಾಡಿಕೊಂಡರೆ ಅದರೊಳಗೆ ಕೂತ ಕಾವಲುಗಾರನೂ ಅವನ ಕೈಗೇ ಸಿಕ್ಕ ಅಲ್ವಾ? ಗೇಟ್‌ವೇಗೆ ದೊಡ್ಡ ಮೆಷಿನ್ ಏನೂ ಬೇಕಿಲ್ಲ. 2018ರಲ್ಲಿ ಬಂದ ಕಿಟ್ಸುನೆ ಅನ್ನುವ ವ್ಯವಸ್ಥೆ ಸಣ್ಣ ಸಣ್ಣ ಆಟೋಎನ್‌ಕೋಡರ್‌ಗಳ (ಮಾಮೂಲಿ ಟ್ರಾಫಿಕ್ ಕಲಿತು, ಅದಕ್ಕೆ ಹೊಂದದ್ದನ್ನು ಗುರುತಿಸುವ ನ್ಯೂರಲ್ ನೆಟ್‌ವರ್ಕ್) ಗುಂಪನ್ನು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೇ ಓಡಿಸಿ ತೋರಿಸಿತ್ತು. ಅದೇ ವರ್ಷದ ಎನ್-ಬಯಾಟ್ ಕೆಲಸದಲ್ಲಿ 9 ಸಾಧನಗಳಿಗೆ ಒಂದೊಂದು ಪ್ರತ್ಯೇಕ ಆಟೋಎನ್‌ಕೋಡರ್. ಟ್ರೇನಿಂಗ್ ಬರೀ ಮಾಮೂಲಿ ಟ್ರಾಫಿಕ್ ಮೇಲೆ. 100 ಮಿಲಿಸೆಕೆಂಡಿನಿಂದ 1 ನಿಮಿಷದವರೆಗಿನ ಅವಧಿಗಳಲ್ಲಿ ಪ್ಯಾಕೆಟ್ ಗಾತ್ರ, ಸಂಖ್ಯೆ, ನಡುವಿನ ಅಂತರ ಇಂಥವನ್ನು ಅಳೆದು 115 ಫೀಚರ್ ಮಾಡಿಕೊಂಡಿದ್ದರು. ಈ ದಾರಿ ನನಗೆ ಇಷ್ಟ. ಪ್ಲಗ್‌ನ ದಿನಚರಿ ಲ್ಯಾಪ್‌ಟಾಪಿನ ಹಾಗಲ್ಲ, ಮಾಡಿದ್ದನ್ನೇ ಮಾಡುತ್ತಿರುತ್ತದೆ. ಅದು ದಾರಿ ತಪ್ಪಿದರೆ ಗೊತ್ತಾಗುವುದು ಸುಲಭ.

ಪ್ರಶ್ನೆ ಕೇಳಿದವರು

ಆದರೆ ಬ್ಯಾಟರಿ ಸೆನ್ಸರ್‌ಗಳು ವೈಫೈಯಲ್ಲಿಲ್ಲ, ಮೆಶ್‌ನಲ್ಲಿವೆ, ಅಂದರೆ ಒಂದರ ಪ್ಯಾಕೆಟನ್ನು ಇನ್ನೊಂದು ದಾಟಿಸುತ್ತದೆ. ಅವುಗಳ ನಡುವೆ ಆಗುವುದೆಲ್ಲ ಗೇಟ್‌ವೇಗೆ ಕಾಣಿಸುತ್ತದಾ?

ಫರ್ಮ್‌ವೇರ್ ಬರೆಯುವವರು

ಕಾಣಿಸುವುದಿಲ್ಲ. ಮೇಲಿನವರ ಮಾತನ್ನು ಇಲ್ಲಿ ನಾನು ಪೂರ್ತಿ ಒಪ್ಪುವುದಿಲ್ಲ. ಆರ್‌ಪಿಎಲ್ (ಪ್ಯಾಕೆಟ್‌ಗೆ ದಾರಿ ಆರಿಸುವ ನಿಯಮ) ಬಳಸುವ ಮೆಶ್‌ನಲ್ಲಿ ಒಂದು ನೋಡ್, ಅಂದರೆ ಒಂದು ಸೆನ್ಸರ್, ಸುಳ್ಳು ರ‍್ಯಾಂಕ್ (ಗೇಟ್‌ವೇಯಿಂದ ಎಷ್ಟು ದೂರ ಅನ್ನುವ ಅಂಕಿ) ಸಾರಿ ಅಕ್ಕಪಕ್ಕದವರ ಟ್ರಾಫಿಕ್ ತನ್ನತ್ತ ಎಳೆದುಕೊಂಡರೆ ಗೇಟ್‌ವೇಗೆ ಕಾಣುವುದು ಪ್ಯಾಕೆಟ್ ಕಡಿಮೆಯಾದದ್ದು ಮಾತ್ರ. ಇನ್ನೊಂದು, ನಿದ್ದೆಗೆಡಿಸುವ ದಾಳಿ. ಸುಮ್ನೆ ಮತ್ತೆ ಮತ್ತೆ ಕರೆದು ಸೆನ್ಸರನ್ನು ಮಲಗಲು ಬಿಡದಿದ್ದರೆ ಸಾಕು. ಡೇಟಾ ಏನೂ ಕಳವಾಗುವುದಿಲ್ಲ, ವರ್ಷಗಟ್ಟಲೆ ಬರಬೇಕಾದ ಬ್ಯಾಟರಿ ಬೇಗ ಸಾಯುತ್ತದೆ.

ಹಾಗಂತ ನ್ಯೂರಲ್ ನೆಟ್‌ವರ್ಕ್ ತುರುಕಲು ಜಾಗ ಎಲ್ಲಿದೆ? ಆರ್‌ಎಫ್‌ಸಿ (ಇಂಟರ್ನೆಟ್‌ನ ತಾಂತ್ರಿಕ ದಾಖಲೆ) 7228ರ ಪ್ರಕಾರ ಕ್ಲಾಸ್ 1 ಸಾಧನ ಅಂದರೆ ಸುಮಾರು 10 ಕೆಬಿ ರ‍್ಯಾಮ್, 100 ಕೆಬಿ ಫ್ಲ್ಯಾಶ್. ನೆಟ್‌ವರ್ಕ್ ಸ್ಟ್ಯಾಕ್ (ಸಂವಹನದ ಸಾಫ್ಟ್‌ವೇರ್) ಕೂತ ಮೇಲೆ ಉಳಿಯುವುದು ಚೂರುಪಾರು.

ನಾವು ಮಾಡುವುದು ಇಷ್ಟೇ. ನೋಡ್ ಬರೀ ಎಣಿಸುತ್ತದೆ: ಎಷ್ಟು ಸಲ ಎದ್ದೆ, ಎಷ್ಟು ಸಲ ಪೇರೆಂಟ್ (ನನ್ನ ಪ್ಯಾಕೆಟ್ ಮುಂದೆ ದಾಟಿಸುವ ನೋಡ್) ಬದಲಾಯಿತು, ಎಷ್ಟು ಪ್ಯಾಕೆಟ್ ಮತ್ತೆ ಕಳಿಸಿದೆ, ಎಷ್ಟು ಸಲ ಸಹಿ ತಾಳೆಯಾಗಲಿಲ್ಲ. ಒಂದೊಂದಕ್ಕೆ ಒಂದು ಬೈಟ್. ಹೇಗೂ ಕಳಿಸಬೇಕಾದ ತಾಪಮಾನದ ಪ್ಯಾಕೆಟ್‌ಗೇ ಅದನ್ನು ಅಂಟಿಸಿ ಕಳಿಸುತ್ತದೆ. ಲೆಕ್ಕ ಮಾಡುವುದಕ್ಕಿಂತ ರೇಡಿಯೊ ಆನ್ ಮಾಡುವುದೇ ದುಬಾರಿ. ಅದಕ್ಕಾಗಿ ಪ್ರತ್ಯೇಕ ಪ್ಯಾಕೆಟ್ ಕಳಿಸಬೇಡಿ. 802.15.4 (ಇಂಥ ಸೆನ್ಸರ್‌ಗಳ ರೇಡಿಯೊ ಮಾನದಂಡ) ಫ್ರೇಮ್‌ನ, ಅಂದರೆ ಒಂದು ಸಲ ಕಳಿಸುವ ಕಂತಿನ, ಮಿತಿ 127 ಬೈಟ್, ಅದೂ ನೆನಪಿರಲಿ. ತೀರ್ಪು ಕೊಡುವುದು ಗೇಟ್‌ವೇ ಕೆಲಸ.

ನೋಡ್‌ನಲ್ಲೇ ತೀರ್ಪು ಬೇಕೇ ಬೇಕು ಅಂದರೆ ಆಳ ಕಡಿಮೆ ಇರುವ ಡಿಸಿಷನ್ ಟ್ರೀ (ಹೌದು-ಇಲ್ಲ ಪ್ರಶ್ನೆಗಳ ಸರಣಿ) ಟ್ರೇನ್ ಮಾಡಿ, ಸಿ ಭಾಷೆಯ ಇಫ್-ಎಲ್ಸ್ ಆಗಿ ಬದಲಾಯಿಸಿ. ಕೆಲವೇ ಕೆಬಿಯಲ್ಲಿ ಮುಗಿಯುತ್ತದೆ, ಫ್ಲೋಟ್ (ದಶಮಾಂಶ) ಲೆಕ್ಕ ಕೂಡ ಬೇಡ. ಇಎಸ್‌ಪಿ32 ಥರದ 520 ಕೆಬಿ ರ‍್ಯಾಮ್ ಇರುವ ಚಿಪ್‌ನಲ್ಲಾದರೆ ಸಣ್ಣ ಆಟೋಎನ್‌ಕೋಡರ್ ಓಡುತ್ತದೆ. 32 ಬಿಟ್‌ನಿಂದ 8 ಬಿಟ್‌ಗೆ ಇಳಿಸಿದರೆ ತೂಕಗಳ (ಮಾಡೆಲ್ ಕಲಿತ ಅಂಕಿಗಳ) ಗಾತ್ರ ಕಾಲು ಭಾಗ ಆಗುತ್ತದೆ.

ಇನ್ನೊಬ್ಬರು

ಮಷೀನ್ ಲರ್ನಿಂಗ್ ಬೇಕೇ ಬೇಕಾ? 2016ರ ಮಿರಾಯ್ ಮಾಲ್‌ವೇರ್ ನೋಡಿ. ಟೆಲ್ನೆಟ್‌ನ (ದೂರದಿಂದ ಸಾಧನಕ್ಕೆ ಲಾಗಿನ್ ಆಗುವ ಹಳೇ ವಿಧಾನ) 23 ಮತ್ತು 2323 ಪೋರ್ಟ್‌ಗಳನ್ನು ತಡಕಿ, ಕಂಪನಿಯೇ ಇಟ್ಟ ಅರವತ್ತು ಚಿಲ್ಲರೆ ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳನ್ನು ಹಾಕಿ ನೋಡಿತು, ಅಷ್ಟೇ. ಹಾಗೆ ವಶವಾದ ಕ್ಯಾಮೆರಾಗಳಂಥ ಸಾಧನಗಳನ್ನು ಬಳಸಿ ಅಕ್ಟೋಬರ್ 21ರಂದು ಡಿನ್ ಕಂಪನಿಯ ಡಿಎನ್‌ಎಸ್ (ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಮೇಲೆ ದಾಳಿ ಆದಾಗ ದೊಡ್ಡ ದೊಡ್ಡ ಸೈಟ್‌ಗಳೇ ತೆರೆಯಲಿಲ್ಲ. ಪಾಸ್‌ವರ್ಡ್ ಬದಲಿಸಿ, ಟೆಲ್ನೆಟ್ ಮುಚ್ಚಿ. ಯಾವ ಸಾಧನ ಯಾರ ಜೊತೆ ಮಾತಾಡಬಹುದು ಅಂತ ಪಟ್ಟಿ ಹಾಕಿ. ಅದಕ್ಕೆ ಮಡ್ ಅನ್ನುವ ಮಾನದಂಡವೇ ಇದೆ, 2019ರ ಆರ್‌ಎಫ್‌ಸಿ 8520. ಪ್ಲಗ್‌ಗೆ ಟೆಲ್ನೆಟ್‌ನಲ್ಲಿ ಏನು ಕೆಲಸ?

ನೆಟ್‌ವರ್ಕ್ ನೋಡಿಕೊಳ್ಳುವವರು

ಪಟ್ಟಿ ಮೊದಲು, ಮಾಡೆಲ್ ಆಮೇಲೆ. ಒಪ್ಪಿದೆ. ಆದರೆ ಪಟ್ಟಿಯಲ್ಲಿರುವ ಸರ್ವರ್ ಕಡೆಗೇ ಕ್ಯಾಮೆರಾ ನಡುರಾತ್ರಿ ಹತ್ತು ಪಟ್ಟು ಡೇಟಾ ಕಳಿಸಿದರೆ ಪಟ್ಟಿಗೆ ಅದು ತಪ್ಪು ಅನ್ನಿಸುವುದಿಲ್ಲ. ಮಾಡೆಲ್ ಬೇಕಾಗುವುದು ಅಲ್ಲಿ.

ಎರಡು ಎಚ್ಚರಿಕೆ. ಮಾಮೂಲಿ ನಡವಳಿಕೆ ಕಲಿಸುವ ಮುಂಚೆ ಸಾಧನವನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಹೊಸ ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ಹಾಕಿ. ಮೊದಲೇ ಸೋಂಕು ಇದ್ದರೆ ಮಾಡೆಲ್ ಅದನ್ನೇ ಮಾಮೂಲಿ ಅಂದುಕೊಳ್ಳುತ್ತದೆ. ಎರಡನೆಯದು, ಫರ್ಮ್‌ವೇರ್ ಅಪ್‌ಡೇಟ್ ಆದ ದಿನ ಅಲಾರ್ಮ್ ಮಳೆ ಸುರಿಯುತ್ತದೆ. ಅಪ್‌ಡೇಟ್ ವೇಳೆಯನ್ನು ದಾಖಲಿಸಿಟ್ಟು, ಆ ಸಾಧನಕ್ಕೆ ಮಾತ್ರ ಮತ್ತೆ ಟ್ರೇನ್ ಮಾಡಿ.

ಪ್ರಶ್ನೆ ಕೇಳಿದವರು

ಸರಿ, ಗೇಟ್‌ವೇಯಿಂದಲೇ ಶುರು ಮಾಡುತ್ತೇನೆ. ಟೆಸ್ಟ್ ಮಾಡಲು ನಿಜವಾದ ಮಾಲ್‌ವೇರ್ ಬಿಡಬೇಕಾ?

ಫರ್ಮ್‌ವೇರ್ ಬರೆಯುವವರು

ಬೇಡವೇ ಬೇಡ. ಇಂಟರ್ನೆಟ್ ಇಲ್ಲದ ಬೇರೆ ನೆಟ್‌ವರ್ಕ್ ಮಾಡಿ, ಒಂದೆರಡು ಸಾಧನ ಅಲ್ಲಿಗೆ ತನ್ನಿ. ಎನ್‌ಮ್ಯಾಪ್ ಟೂಲ್‌ನಿಂದ ಪೋರ್ಟ್ ತಡಕಿ, ಎಚ್‌ಪಿಂಗ್ ಟೂಲ್‌ನಿಂದ ಸಿನ್ ಫ್ಲಡ್ (ಸಂಪರ್ಕ ಕೋರಿಕೆಗಳ ಸುರಿಮಳೆ) ಹೊಡೆಯಿರಿ. ಆಮೇಲೆ ಸ್ಕ್ಯಾನ್ ವೇಗವನ್ನು ನಿಮಿಷಕ್ಕೆ ಒಂದು ಪ್ಯಾಕೆಟ್‌ಗೆ ಇಳಿಸಿ ನೋಡಿ. ಜೋರು ದಾಳಿಯನ್ನು ಯಾವ ಮಾಡೆಲ್ ಆದರೂ ಹಿಡಿಯುತ್ತದೆ, ನಿಧಾನದ್ದನ್ನು ಹಿಡಿಯುತ್ತದಾ ಅಂತ ನೋಡಿ ಇಲ್ಲಿ ಬರೆಯಿರಿ.