ಅರೇಹಳ್ಳಿ ಮನೆಯವರ ಗುಂಪಿನಲ್ಲಿ ಪುಟ್ಟಿಯ ಪ್ರಗತಿ ಪತ್ರ

ಅತ್ತೆ (ಫಾರ್ವರ್ಡ್ ಆದ ಸಂದೇಶ): ಪೋಷಕರೇ ಎಚ್ಚರ! ಪ್ರಗತಿ ಪತ್ರದಲ್ಲಿ ‘ಬಿ+’ ಇದ್ದರೆ ಮಗು ಅನುತ್ತೀರ್ಣ ಎಂದೇ ಅರ್ಥ. ಯಾವ ಶಾಲೆಯೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹತ್ತು ಗುಂಪುಗಳಿಗೆ ಕಳುಹಿಸಿ.

ಅತ್ತೆ: ನಿನ್ನೆ ಪುಟ್ಟಿಯ ಗಣಿತಕ್ಕೂ ಬಿ+ ಇತ್ತಲ್ಲ? ನನಗೆ ಆಗಲೇ ಅನುಮಾನ ಬಂದಿತ್ತು.

ತಮ್ಮ: ಇದನ್ನು ಬರೆದವರು ಯಾರು? ಇಲಾಖೆಯ ಸುತ್ತೋಲೆಯಾದರೆ ಸಂಖ್ಯೆ, ದಿನಾಂಕ ಎಲ್ಲಿ?

ದೊಡ್ಡಪ್ಪ: ಎಲ್ಲದಕ್ಕೂ ದಾಖಲೆ ಕೇಳಬೇಡ. ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಕೂರಿಸಿದರೆ ಇನ್ನೇನು ಬರುತ್ತದೆ? ಮೂರನೆಯ ತರಗತಿಗೆ ನಮಗೆ ಇಪ್ಪತ್ತರ ಮಗ್ಗಿ ಬಾಯಿಗೆ ಬರುತ್ತಿತ್ತು.

ತಂಗಿ: ದೊಡ್ಡಪ್ಪ, ಅವಳ ಕೈಯಲ್ಲಿ ಮೊಬೈಲನ್ನು ನೀವು ಯಾವಾಗ ನೋಡಿದಿರಿ?

ತಮ್ಮ: ಅರಸೀಕೆರೆಯ ಮದುವೆಯಲ್ಲಿ ಪಂಕ್ತಿಯಲ್ಲಿ ಕುಳಿತವರಿಗೆಲ್ಲ ನನ್ನ ಪಿಯುಸಿ ಅಂಕ ಹೇಳಿದವರೂ ನೀವೇ.

ದೊಡ್ಡಪ್ಪ: ನಿನ್ನ ಒಳ್ಳೆಯದಕ್ಕೆ ಹೇಳಿದೆ. ಹನ್ನೊಂದು ವರ್ಷವಾಯಿತು, ಇನ್ನೂ ಹಿಡಿದುಕೊಂಡಿದ್ದೀಯೆ.

ಚಿಕ್ಕಪ್ಪ: ಅಣ್ಣ, ಏಪ್ರಿಲ್ 10 ನೆನಪಿದೆಯೇ? ಫಲಿತಾಂಶದ ಹಾಳೆ ನೋಡಲು ಶಾಲೆಯ ಗೋಡೆಯ ಮುಂದೆ ಎಷ್ಟು ನೂಕಾಟ! ಅರ್ಧವಾರ್ಷಿಕದ ಪತ್ರವನ್ನು ಅಪ್ಪ ಕಾಫಿ ಕಣದಲ್ಲಿ ನಿಂತೇ ಸಹಿ ಮಾಡುತ್ತಿದ್ದರು. ಮೂಲೆಯಲ್ಲಿ ಅವರ ಬೆರಳಿನ ಕಲೆ ಉಳಿಯುತ್ತಿತ್ತು. ಒಳಗೆ ಏನಿದೆ ಎಂದು ಒಮ್ಮೆಯೂ ಓದಲಿಲ್ಲ.

ಅತ್ತೆ: ನನ್ನದನ್ನು ಓದುತ್ತಿದ್ದರು.

ನಾನು: ಅತ್ತೆ, ಆ ಸಂದೇಶ ಸುಳ್ಳು. ನಾನೂ ಶಿಕ್ಷಕಿ, ಇದೇ ಪತ್ರಗಳನ್ನು ಬರೆಯುವವಳು. ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಶೇಕಡಾ 90ರಿಂದ ಮೇಲೆ ಎ+, 70ರಿಂದ 89 ಎ, 50ರಿಂದ 69 ಬಿ+, 30ರಿಂದ 49 ಬಿ, ಅದಕ್ಕಿಂತ ಕಡಿಮೆಯಾದರೆ ಸಿ. ಬಿ+ ಪಡೆದ ಮಗುವನ್ನು ಅನುತ್ತೀರ್ಣ ಎನ್ನುವುದು ಅನ್ಯಾಯ. ಅದೂ ಅವಳು ಪಕ್ಕದಲ್ಲೇ ಕುಳಿತು ಕೇಳಿಸಿಕೊಳ್ಳುತ್ತಿರುವಾಗ.

ನಾನು: ಪತ್ರವನ್ನು ಎಡದಿಂದ ಬಲಕ್ಕೆ ಓದಿ. ಮೊದಲೆರಡು ಕಲಂ ರೂಪಣಾತ್ಮಕ ಮೌಲ್ಯಮಾಪನ, ಎಂದರೆ ಪಾಠ ನಡೆಯುತ್ತಿರುವಾಗಲೇ ಚಟುವಟಿಕೆ, ಕಿರುಪರೀಕ್ಷೆಗಳಿಂದ ನೋಡುವುದು. ಮೂರನೆಯದು ದಸರಾ ರಜೆಗೆ ಮುಂಚಿನ ಸಂಕಲನಾತ್ಮಕ ಪರೀಕ್ಷೆ, ಎಂದರೆ ಅಲ್ಲಿಯವರೆಗಿನ ಪಾಠಗಳನ್ನೆಲ್ಲ ಒಟ್ಟಿಗೆ ನೋಡುವುದು. ಗಣಿತದಲ್ಲಿ ಪುಟ್ಟಿಗೆ ಮೊದಲು ಬಿ, ಆಮೇಲೆ ಬಿ+, ಪರೀಕ್ಷೆಯಲ್ಲೂ ಬಿ+. ಮಗು ಮೇಲಕ್ಕೆ ಬಂದಿದೆ. ಇದನ್ನು ಒಬ್ಬರಾದರೂ ಹೇಳಿದಿರಾ?

ನಾನು: ಕೆಳಗೆ ಅವಳ ಶಿಕ್ಷಕಿ ಕೈಯಾರೆ ಬರೆದ ಸಾಲು: ‘ಕಳೆಯುವ ಲೆಕ್ಕದಲ್ಲಿ ದಶಕ ಬಿಡಿಸಲು ಅಭ್ಯಾಸ ಬೇಕು.’ 52ರಲ್ಲಿ 17 ಕಳೆ ಎಂದರೆ ಅವಳು 45 ಎನ್ನುತ್ತಾಳೆ. ಎರಡರಲ್ಲಿ ಏಳು ಹೋಗದೆ ಇರುವುದರಿಂದ ಏಳರಲ್ಲಿ ಎರಡನ್ನು ಕಳೆದುಬಿಡುತ್ತಾಳೆ. ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಟ್ಟು ಒಂದು ಕಟ್ಟನ್ನು ಅವಳ ಕೈಯಿಂದಲೇ ಬಿಚ್ಚಿಸಿ. ಪೋಷಕರ ಸಭೆಗೆ ಹೋದಾಗ ‘ಎಷ್ಟನೆಯ ಸ್ಥಾನ’ ಎಂದು ಕೇಳಬೇಡ ತಂಗಿ; ‘ಎಲ್ಲಿ ತಡವರಿಸುತ್ತಾಳೆ, ಮನೆಯಲ್ಲಿ ನಾನೇನು ಮಾಡಲಿ’ ಎಂದು ಕೇಳು.

ತಂಗಿ: ಆ ಸಾಲನ್ನು ನಾನೂ ಓದಿರಲಿಲ್ಲ ಅಕ್ಕ. ಬಿ+ ಎಂಬ ಅಕ್ಷರ ನೋಡಿಯೇ ಎದೆ ಒಡೆದಿತ್ತು.

ತಮ್ಮ: ಅತ್ತೆ, ಆ ಸಂದೇಶವನ್ನು ಅಳಿಸಿ.

ಅತ್ತೆ: ಅಳಿಸುತ್ತೇನೆ. ನಮ್ಮ ಬೀದಿಯ ಗುಂಪಿಗೂ ಕಳುಹಿಸಿದ್ದೆ.

ಚಿಕ್ಕಪ್ಪ: ನಿನ್ನ ಪತ್ರವನ್ನು ಅಪ್ಪ ಓದುತ್ತಿದ್ದರೇ? ನನಗೆ ಗೊತ್ತೇ ಇರಲಿಲ್ಲ.

ದೊಡ್ಡಪ್ಪ: ಅದಿರಲಿ. ಪುಟ್ಟಿಗೆ ಕನ್ನಡದಲ್ಲಿ ಏನು ಬಂದಿದೆ?

ತಂಗಿ: ಎ+. ನಿನ್ನೆ ಹಾಕಿದ ಚಿತ್ರದಲ್ಲಿ ಮೊದಲನೆಯ ಸಾಲೇ ಅದು, ದೊಡ್ಡಪ್ಪ.