ಡೇಟಾಬೇಸ್ ಸರ್ವರ್ ಗಡಿಯಾರ 7 ನಿಮಿಷ ಮುಂದಿದೆ, ಹಿಂದಕ್ಕೆ ತಿರುಗಿಸಬಹುದಾ?

ಪ್ರಶ್ನೆ: ಸರ್, ನಮ್ಮ ಡೇಟಾಬೇಸ್ ಸರ್ವರ್ ಉಳಿದ ಸರ್ವರ್‌ಗಳಿಗಿಂತ 7 ನಿಮಿಷ ಮುಂದೆ ಓಡುತ್ತಿದೆ. ಲಿನಕ್ಸ್, ಅದರಲ್ಲಿ ಕ್ರೋನಿ (ಟೈಮ್ ಸರ್ವರ್‌ನಿಂದ ಸಮಯ ಪಡೆದು ಗಡಿಯಾರ ಸರಿ ಮಾಡುವ ಪ್ರೋಗ್ರಾಂ) ಇದೆ. ಸ್ಟೇಟಸ್ ನೋಡಿದರೆ ‘ಆ್ಯಕ್ಟಿವ್’ ಅಂತಲೇ ಬರುತ್ತದೆ. ಲಾಗ್‌ಗಳನ್ನು ಒಂದಕ್ಕೊಂದು ಹೋಲಿಸಿ ನೋಡಲು ಆಗುತ್ತಿಲ್ಲ. ಡೇಟ್ ಕಮಾಂಡ್ ಕೊಟ್ಟು ಸರಿ ಮಾಡಲಾ?

ಉತ್ತರ: ಈಗಲೇ ಬೇಡ. ಡೇಟಾಬೇಸ್ ಓಡುತ್ತಿರುವಾಗ ಸಮಯ ಹಿಂದಕ್ಕೆ ಹಾರಿದರೆ, ಆಮೇಲೆ ಬರೆದ ದಾಖಲೆಗೆ ಮೊದಲಿನ ಸಮಯ ಬೀಳುತ್ತದೆ. ಅದನ್ನು ಬಿಡಿಸುವುದು ತುಂಬಾ ಕಷ್ಟ.

‘ಆ್ಯಕ್ಟಿವ್’ ಅಂದರೆ ಪ್ರೋಗ್ರಾಂ ಓಡುತ್ತಿದೆ ಅಂತ ಅಷ್ಟೇ. ಸಮಯ ಸಿಗುತ್ತಿದೆ ಅಂತ ಅಲ್ಲ. ‘ಕ್ರೋನಿಸಿ ಸೋರ್ಸಸ್’ ಕಮಾಂಡ್ ಕೊಟ್ಟು ರೀಚ್ ಕಾಲಂ ನೋಡಿ. 377 ಇದ್ದರೆ ಕೊನೆಯ 8 ಸಲವೂ ಉತ್ತರ ಬಂದಿದೆ. ಅದು ಆಕ್ಟಲ್ (8ರ ಆಧಾರದ) ಸಂಖ್ಯೆ, ಹಾಗಾಗಿ ವಿಚಿತ್ರವಾಗಿ ಕಾಣುತ್ತದೆ. 0 ಇದ್ದರೆ ಒಂದೂ ಬಂದಿಲ್ಲ. ಆಗ ಫೈರ್‌ವಾಲ್‌ನಲ್ಲಿ ಯುಡಿಪಿ 123ನೇ ಪೋರ್ಟ್ (ಸಮಯ ಬರುವ ದಾರಿ) ಮುಚ್ಚಿದೆಯಾ ನೋಡಿ.

ಪ್ರಶ್ನೆ: ರೀಚ್ 0 ಇದೆ ಸರ್. ಪೋರ್ಟ್ ಮುಚ್ಚಿತ್ತು. ಈಗ ತೆರೆಸಿಬಿಡಲಾ?

ಉತ್ತರ: ಒಂದು ನಿಮಿಷ ತಡೆಯಿರಿ. ಇಲ್ಲೇ ಜಾಸ್ತಿ ಜನ ಎಡವುವುದು. ನಿಮ್ಮ ಕ್ರೋನಿಯ ಕಾನ್ಫಿಗ್ ಫೈಲ್‌ನಲ್ಲಿ ‘ಮೇಕ್‌ಸ್ಟೆಪ್ 1.0 3’ ಅಂತ ಒಂದು ಸಾಲು ಇರಬಹುದು. ಮೊದಲ 3 ಅಪ್‌ಡೇಟ್‌ಗಳಲ್ಲಿ ವ್ಯತ್ಯಾಸ 1 ಸೆಕೆಂಡಿಗಿಂತ ಜಾಸ್ತಿ ಇದ್ದರೆ ಒಂದೇ ಸಲಕ್ಕೆ ಹಾರಿಸು ಅಂತ ಅದರ ಅರ್ಥ. ನಿಮಗೆ ಇನ್ನೂ ಒಂದು ಅಪ್‌ಡೇಟೂ ಆಗಿಲ್ಲ ಅಲ್ವಾ? ಪೋರ್ಟ್ ತೆರೆದ ಸ್ವಲ್ಪ ಹೊತ್ತಿಗೇ ಗಡಿಯಾರ 7 ನಿಮಿಷ ಹಿಂದಕ್ಕೆ ಹೋಗುತ್ತದೆ.

ಡೇಟಾಬೇಸನ್ನು ಸ್ವಲ್ಪ ಹೊತ್ತು ನಿಲ್ಲಿಸಲು ಆಗುತ್ತದೆಯಾದರೆ ನಿಲ್ಲಿಸಿ, ಪೋರ್ಟ್ ತೆರೆಸಿ, ಸಮಯ ಸರಿಯಾದ ಮೇಲೆ ಶುರು ಮಾಡಿ. ನಾನಾದರೆ ಹೀಗೇ ಮಾಡುತ್ತೇನೆ.

ನಿಲ್ಲಿಸಲು ಆಗದಿದ್ದರೆ ಆ ಮೇಕ್‌ಸ್ಟೆಪ್ ಸಾಲಿನ ಮುಂದೆ # ಹಾಕಿ ಕಮೆಂಟ್ ಮಾಡಿ, ಕ್ರೋನಿ ರೀಸ್ಟಾರ್ಟ್ ಮಾಡಿ, ಆಮೇಲೆ ಪೋರ್ಟ್ ತೆರೆಸಿ. ಆಗ ಕ್ರೋನಿ ಗಡಿಯಾರವನ್ನು ನಿಧಾನವಾಗಿ ಓಡಿಸಿ ಸರಿಗೆ ತರುತ್ತದೆ. ಸಮಯ ಹಿಂದಕ್ಕೆ ಹೋಗುವುದೇ ಇಲ್ಲ. ಡೀಫಾಲ್ಟ್ ಮಿತಿಯಲ್ಲಿ 12 ಸೆಕೆಂಡಿಗೆ ಹೆಚ್ಚೆಂದರೆ 1 ಸೆಕೆಂಡ್ ಸರಿಯಾಗುತ್ತದೆ. ಅಂದರೆ 7 ನಿಮಿಷಕ್ಕೆ ಕಡಿಮೆಯೆಂದರೂ 84 ನಿಮಿಷ. ಇನ್ನೆಷ್ಟು ಬಾಕಿ ಅಂತ ‘ಕ್ರೋನಿಸಿ ಟ್ರ್ಯಾಕಿಂಗ್’ ತೋರಿಸುತ್ತದೆ.

ಪ್ರಶ್ನೆ: ಎರಡನೆಯ ದಾರಿ ಹಿಡಿದೆವು ಸರ್. ಒಂದೂವರೆ ಗಂಟೆಯಲ್ಲಿ ಸರಿಹೋಯಿತು, ಸೋರ್ಸ್ ಪಕ್ಕ ನಕ್ಷತ್ರವೂ (ಕ್ರೋನಿ ಅದನ್ನು ಆರಿಸಿಕೊಂಡಿದೆ ಎಂಬ ಗುರುತು) ಬಂದಿದೆ. ಟೈಮ್ ಸರ್ವರ್ ಒಂದೇ ಹಾಕಿದ್ದೇವೆ, ಸಾಕಾ?

ಉತ್ತರ: ಒಳ್ಳೆಯದಾಯಿತು! ಒಂದು ಸಾಲದು. 2 ಹಾಕಿದರೂ, ಅವು ಬೇರೆ ಬೇರೆ ಸಮಯ ಹೇಳಿದಾಗ ಯಾವುದನ್ನು ನಂಬುವುದು? 4 ಹಾಕಿ. ಒಂದು ಕೆಟ್ಟು ನಿಂತರೂ ಉಳಿದ 3ರಲ್ಲಿ ತಪ್ಪು ಹೇಳುವುದನ್ನು ಕ್ರೋನಿ ಗುರುತಿಸಿ ಕೈಬಿಡುತ್ತದೆ.

ಮೇಕ್‌ಸ್ಟೆಪ್ ಸಾಲನ್ನು ಮರೆಯದೆ ವಾಪಸ್ ಹಾಕಿ. ಬೂಟ್ ಆಗುವಾಗ ಅದು ಬೇಕು. ಆದರೆ ಸಮಯ ಸರಿಯಾದ ಮೇಲೆಯೇ ಡೇಟಾಬೇಸ್ ಶುರುವಾಗುವಂತೆ ಸರ್ವೀಸ್‌ಗಳ ಕ್ರಮ ಇಟ್ಟುಕೊಳ್ಳಿ.