ಪ್ರಾರ್ಥನೆಯ ಹೊತ್ತಿನ ಹಲಗೆಗೆ ನ್ಯೂಟನ್ನರ ಯಾವ ಜನ್ಮದಿನ ಬರೆಯಬೇಕು?

ಶಹಾಪುರದ ಶಿಕ್ಷಕಿ:
ಎಲ್ಲರಿಗೂ ಶರಣು. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ, ಆ ದಿನ ಹುಟ್ಟಿದ ವಿಜ್ಞಾನಿ ಅಥವಾ ಉದ್ಯಮಿಯ ಕುರಿತು ಕರಿಹಲಗೆಯ ಮೇಲೆ ಮಕ್ಕಳಿಂದ ನಾಲ್ಕು ಸಾಲು ಬರೆಸುತ್ತೇವೆ. ನ್ಯೂಟನ್ನರು ಹುಟ್ಟಿದ್ದು 1642ರ ಡಿಸೆಂಬರ್ 25 ಎಂದು ಒಂದು ಪುಸ್ತಕದಲ್ಲಿದ್ದರೆ, ಇನ್ನೊಂದರಲ್ಲಿ 1643ರ ಜನವರಿ 4 ಎಂದಿದೆ. ಯಾವುದನ್ನು ಬರೆಸಲಿ?

ಇನ್ನೊಂದು ಮಾತು. ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದು ಬರೆಸುವುದು ನಮ್ಮ ಕಡೆ ಹಳೆಯ ವಾಡಿಕೆ. ಆ ದಿನಾಂಕದ ಮಕ್ಕಳು ನನ್ನ ತರಗತಿಯಲ್ಲಿಯೂ ಹಲವರಿದ್ದಾರೆ. ‘ನಮ್ಮ ದಿನ ದೊಡ್ಡವರು ಯಾರೂ ಹುಟ್ಟಿಲ್ಲವೇ ಮೇಡಂ?’ ಎಂದು ಅವರು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಕಲಬುರಗಿಯ ನಿವೃತ್ತ ಗಣಿತ ಶಿಕ್ಷಕ:
ಮೇಡಂ ಅವರೇ, ಎರಡೂ ಸರಿ. ದಿನ ಒಂದೇ, ಎಣಿಸಿದ ಕ್ಯಾಲೆಂಡರ್ ಬೇರೆ. ಹಳೆಯ ಜೂಲಿಯನ್ ಕ್ಯಾಲೆಂಡರಿನ ವರ್ಷವು ನಿಜವಾದ ವರ್ಷಕ್ಕಿಂತ ಸುಮಾರು 11 ನಿಮಿಷ ದೊಡ್ಡದಾಗಿದ್ದುದರಿಂದ ಶತಮಾನಗಳು ಕಳೆದಂತೆ ಹತ್ತು ದಿನಗಳ ವ್ಯತ್ಯಾಸ ಬಿದ್ದಿತು. ಅದನ್ನು ತಿದ್ದಿದ ಗ್ರೆಗೋರಿಯನ್ ಕ್ಯಾಲೆಂಡರ್ 1582ರಲ್ಲಿ ಜಾರಿಗೆ ಬಂದರೂ ಇಂಗ್ಲೆಂಡ್ ಅದನ್ನು ಒಪ್ಪಿಕೊಂಡದ್ದು 1752ರಲ್ಲಿ. ಆದ್ದರಿಂದ ನ್ಯೂಟನ್ನರ ಮನೆಯವರ ಪಾಲಿಗೆ ಅಂದು ಕ್ರಿಸ್ಮಸ್. ಇಟಲಿಯಲ್ಲಿ ಆಗಲೇ ಜನವರಿ 4. ಗೆಲಿಲಿಯೋ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದರೆಂದು ಪಾಠಗಳಲ್ಲಿ ಹೇಳುತ್ತಾರಲ್ಲ, ಅದು ಎರಡು ಕ್ಯಾಲೆಂಡರುಗಳನ್ನು ಬೆರೆಸಿದ ಲೆಕ್ಕ. ಗೆಲಿಲಿಯೋ ನಿಧನರಾದ 1642ರ ಜನವರಿ 8 ಹೊಸ ಕ್ಯಾಲೆಂಡರಿನ ದಿನಾಂಕ, ಅದರ ಪ್ರಕಾರ ನ್ಯೂಟನ್ ಹುಟ್ಟಿದ್ದು ಮರುವರ್ಷ. ತಿಥಿಗೂ ತಾರೀಖಿಗೂ ಇರುವ ವ್ಯತ್ಯಾಸವನ್ನು ಮನೆಯಲ್ಲೇ ಕಂಡಿರುವ ನಮ್ಮ ಮಕ್ಕಳಿಗೆ ಇದು ಕಷ್ಟವಾಗದು. ಎರಡನ್ನೂ ಬರೆಸಿ, ಕಾರಣವನ್ನೂ ಬರೆಸಿ.

ಬೀದರಿನ ಓದುಗ:
ಜೂನ್ 1ರ ಮಕ್ಕಳಿಗೆ ಇಬ್ಬರಿದ್ದಾರೆ, ಇಬ್ಬರೂ ಎಂಜಿನ್ನಿನವರು. 1796ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಸಾದಿ ಕಾರ್ನೊ ಅವರು, ಶಾಖದಿಂದ ಎಷ್ಟು ಕೆಲಸ ಪಡೆಯಬಹುದೆಂಬುದು ಬಿಸಿ ಮತ್ತು ತಂಪು ಬದಿಗಳ ತಾಪಮಾನವನ್ನು ಅವಲಂಬಿಸಿದೆ ಎಂದು 1824ರಲ್ಲಿಯೇ ತೋರಿಸಿದರು. 36ನೆಯ ವಯಸ್ಸಿನಲ್ಲಿ ತೀರಿಕೊಂಡರು. 1907ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಫ್ರಾಂಕ್ ವಿಟಲ್ ಜೆಟ್ ಎಂಜಿನ್ ರೂಪಿಸಿದವರಲ್ಲಿ ಮೊದಲಿಗರು. ನಮ್ಮೂರಿನ ವಾಯುನೆಲೆಯಿಂದ ತರಬೇತಿ ಜೆಟ್‌ಗಳು ಹಾರಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಕಲಬುರಗಿಯ ಉಪನ್ಯಾಸಕಿ:
ಹುಟ್ಟಿದ ದಿನಕ್ಕಿಂತ ಕೆಲಸ ಕೈಗೂಡಿದ ದಿನ ನನಗೆ ಹೆಚ್ಚಿನದು. ರಾಷ್ಟ್ರೀಯ ವಿಜ್ಞಾನ ದಿನವಾದ ಫೆಬ್ರವರಿ 28 ರಾಮನ್ನರ ಜನ್ಮದಿನವಲ್ಲ, 1928ರ ಅವರ ಶೋಧದ ದಿನ. ಎರಡೂ ಕೂಡಿ ಬರುವ ತಾರೀಖುಗಳೂ ಇವೆ: ಜೆ.ಆರ್.ಡಿ. ಟಾಟಾ ಅವರು 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬೈಗೆ ಅಂಚೆ ಹೊತ್ತ ವಿಮಾನ ನಡೆಸಿದಾಗ, ರಾಮೇಶ್ವರದಲ್ಲಿ ಅಬ್ದುಲ್ ಕಲಾಂ ಅವರಿಗೆ ಸರಿಯಾಗಿ ಒಂದು ವರ್ಷ ತುಂಬಿತ್ತು. ಚಂದ್ರಯಾನ-3 ಚಂದ್ರನ ಮೇಲಿಳಿದ ಆಗಸ್ಟ್ 23ನೆಯ ತಾರೀಖು, ಅಣ್ಣಾ ಮಣಿ 1918ರಲ್ಲಿ ಹುಟ್ಟಿದ ದಿನವೂ ಹೌದು. ಸೂರ್ಯನ ವಿಕಿರಣವನ್ನು ಅಳೆಯುವ ಉಪಕರಣಗಳಿಗಾಗಿ ದುಡಿದ ಆ ತಾಯಿಯ ಹೆಸರು ನಮ್ಮ ಬಿಸಿಲ ನಾಡಿನ ಹಲಗೆಯ ಮೇಲೆ ಇರಲೇಬೇಕು.

ಶಹಾಪುರದ ಶಿಕ್ಷಕಿ:
ಎಲ್ಲರಿಗೂ ಧನ್ಯವಾದಗಳು. ಕಾರ್ನೊ ಮತ್ತು ವಿಟಲ್ ಅವರ ಕುರಿತ ಸಾಲುಗಳನ್ನು ಜೂನ್ 1ರ ಮಕ್ಕಳ ಕೈಯಿಂದಲೇ ಬರೆಸುತ್ತೇನೆ.